ರಣರಂಗವನ್ನು ಯಾರ ಕಣ್ಣಿನಿಂದ ನೋಡುವುದು?

ನಮ್ಮ ಶಾಲೆಗಳಲ್ಲಿ ಯುದ್ಧಗಳ ಪಾಠ ಹೇಗೆ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯುದ್ಧ ನಡೆದ ಇಸವಿ, ಅದರ ಕಾರಣಗಳು, ಪರಿಣಾಮಗಳು, ಕೊನೆಯಲ್ಲಿ ಆದ ಒಪ್ಪಂದದ ಹೆಸರು. ಇಷ್ಟನ್ನು ಬಾಯಿಪಾಠ ಮಾಡಿದರೆ ಅಂಕಗಳಿಗೆ ಮೋಸವಿಲ್ಲ. ಆದರೆ ನಾಲ್ಕನೆಯ ಮೈಸೂರು ಯುದ್ಧದ ಬಗ್ಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿಯನ್ನು, ಆಂಗ್ಲರು ಶ್ರೀರಂಗಪಟ್ಟಣದ ಕೋಟೆಗೆ ಮೇ ತಿಂಗಳಿನಲ್ಲೇ ಏಕೆ ನುಗ್ಗಿದರು, ಅದೂ ಸುಡುವ ಮಧ್ಯಾಹ್ನದಲ್ಲಿ ಏಕೆ ನುಗ್ಗಿದರು ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ. ಯುದ್ಧವೆಂಬುದು ನೆಲ, ನೀರು, ಬಿಸಿಲು, ಅಕ್ಕಿ, ಎತ್ತು ಇವೆಲ್ಲ ಸೇರಿ ನಡೆಯುವ ವ್ಯವಹಾರ. ಪಠ್ಯಪುಸ್ತಕದ ಪುಟದಲ್ಲಿ ಇವು ಯಾವುವೂ ಇಲ್ಲ.

ಈ ಕೊರತೆಗೆ ಹೊಸ ತಂತ್ರಜ್ಞಾನವೊಂದು ಪರಿಹಾರವಾಗಬಲ್ಲದು ಎಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ಅದು ವರ್ಚುವಲ್ ರಿಯಾಲಿಟಿ. ಕಣ್ಣಿಗೆ ಕನ್ನಡಕದಂತಹ ಉಪಕರಣ ಕಟ್ಟಿಕೊಂಡರೆ ಸುತ್ತಲಿನ ಕೋಣೆ ಮಾಯವಾಗಿ ಕಂಪ್ಯೂಟರ್ ಸೃಷ್ಟಿಸಿದ ಬೇರೊಂದು ಲೋಕ ಕಾಣುತ್ತದೆ. ತಲೆ ತಿರುಗಿಸಿದ ಕಡೆಗೆಲ್ಲ ದೃಶ್ಯವೂ ತಿರುಗುತ್ತದೆ. ಅಮೆರಿಕದ ವಿಜ್ಞಾನಿ ಐವಾನ್ ಸದರ್ಲೆಂಡ್ 1968ರಲ್ಲಿ ಇಂಥ ಒಂದು ಉಪಕರಣವನ್ನು ತಯಾರಿಸಿದಾಗ ಅದು ಎಷ್ಟು ಭಾರವಿತ್ತೆಂದರೆ, ಅದನ್ನು ಛಾವಣಿಯಿಂದ ತೂಗುಹಾಕಬೇಕಾಗಿತ್ತು. 2014ರಲ್ಲಿ ಗೂಗಲ್ ಕಂಪೆನಿ ರಟ್ಟಿನ ಪೆಟ್ಟಿಗೆಯೊಳಗೆ ಮೊಬೈಲ್ ಫೋನ್ ಇಟ್ಟು ನೋಡುವ ಅಗ್ಗದ ಸಾಧನವನ್ನೂ ತಂದಿತು. ಅಂದರೆ ಹಳೆಯ ರಣರಂಗವನ್ನು ಹೀಗೆ ಮರುಸೃಷ್ಟಿಸಿ ಮಕ್ಕಳನ್ನು ಅದರ ನಡುವೆ ನಿಲ್ಲಿಸುವುದು ಇನ್ನು ಮುಂದೆ ಶ್ರೀಮಂತ ರಾಷ್ಟ್ರಗಳಿಗೆ ಮಾತ್ರ ಸಾಧ್ಯವಾಗುವ ಕೆಲಸವೇನಲ್ಲ.

ಇದು ಸ್ವಾಗತಾರ್ಹವೇ? ಹೌದು ಎನ್ನುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಆ ರಣರಂಗದ ನಡುವೆ ಮಗುವನ್ನು ನಿಲ್ಲಿಸುತ್ತೇವೆ ಸರಿ, ಆದರೆ ಯಾರ ಪಕ್ಕದಲ್ಲಿ ನಿಲ್ಲಿಸುತ್ತೇವೆ?

ಇರಾಕಿನ ಮರಳಿನಲ್ಲಿ

ಯುದ್ಧವೊಂದನ್ನು ಕಂಪ್ಯೂಟರಿನೊಳಗೆ ಇಡಿಯಾಗಿ ಪುನರ್ನಿರ್ಮಿಸಿದ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು ಕೊಲ್ಲಿ ಯುದ್ಧದ್ದು. 1991ರ ಫೆಬ್ರವರಿ 26ರಂದು ದಕ್ಷಿಣ ಇರಾಕಿನ ಮರುಭೂಮಿಯಲ್ಲಿ, ಮರಳ ಬಿರುಗಾಳಿಯ ನಡುವೆ, ಅಮೆರಿಕದ ಟ್ಯಾಂಕ್ ಪಡೆಯೊಂದು ಇರಾಕಿನ ರಿಪಬ್ಲಿಕನ್ ಗಾರ್ಡಿನ ತವಕಲ್ನಾ ಡಿವಿಜನ್ ಮೇಲೆ ಎರಗಿತು. ಅಲ್ಲಿ ಊರಿಲ್ಲ, ಬೆಟ್ಟವಿಲ್ಲ, ಹೆಸರಿಡಲು ಒಂದು ಮರವೂ ಇಲ್ಲ. ಆದ್ದರಿಂದ ನಕ್ಷೆಯ ಮೇಲಿನ ಒಂದು ಗೆರೆಯ ಸಂಖ್ಯೆಯೇ ಯುದ್ಧದ ಹೆಸರಾಯಿತು: 73 ಈಸ್ಟಿಂಗ್.

ಯುದ್ಧ ಮುಗಿದ ಕೆಲವೇ ವಾರಗಳಲ್ಲಿ ತಜ್ಞರು ಆ ಜಾಗಕ್ಕೆ ಹೋದರು. ಮರಳಿನಲ್ಲಿ ಉಳಿದಿದ್ದ ಚಕ್ರದ ಗುರುತುಗಳನ್ನೂ ಸುಟ್ಟು ಬಿದ್ದಿದ್ದ ಟ್ಯಾಂಕುಗಳ ಸ್ಥಾನವನ್ನೂ ಅಳೆದರು. ಕಾದಾಡಿದ ಅಮೆರಿಕನ್ ಸೈನಿಕರನ್ನು ಕುಳ್ಳಿರಿಸಿ ಕ್ಷಣ ಕ್ಷಣದ ವಿವರ ಕೇಳಿದರು. ಇವೆಲ್ಲವನ್ನೂ ಸೇರಿಸಿ, ನೋಡುಗನು ಯಾವ ಟ್ಯಾಂಕಿನ ಬೆನ್ನ ಹಿಂದೆಯಾದರೂ ತೇಲುತ್ತಾ ಸಾಗಬಹುದಾದ ಒಂದು ಯುದ್ಧಭೂಮಿಯನ್ನು ಪರದೆಯ ಮೇಲೆ ನಿರ್ಮಿಸಿದರು. ತಮ್ಮ ಅಧಿಕಾರಿಗಳ ತರಬೇತಿಗೆ ಅಮೆರಿಕದ ಸೇನೆ ಅದನ್ನು ಬಳಸಿಕೊಂಡಿತು. ಮುಂದೆ 2004ರ ಫಲ್ಲೂಜಾದ ಕದನವೂ ಇಂಥದೇ ಕಂಪ್ಯೂಟರ್ ಪಾಠವಾಯಿತು.

ತಂತ್ರಜ್ಞಾನದ ದೃಷ್ಟಿಯಿಂದ ಅದೊಂದು ಸಾಧನೆಯೇ. ಆದರೆ ಅದರ ಮೂಲಸಾಮಗ್ರಿಯನ್ನು ಗಮನಿಸಿ. ಗೆದ್ದವರು ಬದುಕುಳಿದಿದ್ದರು, ಮಾತನಾಡಿದರು. ಇರಾಕಿ ಸೈನಿಕರ ಚಲನವಲನವನ್ನು ಮುಖ್ಯವಾಗಿ ಅವರ ಸುಟ್ಟ ಟ್ಯಾಂಕುಗಳಿಂದಲೂ ಎದುರಾಳಿಗಳು ನೀಡಿದ ವಿವರಣೆಯಿಂದಲೂ ಕಟ್ಟಬೇಕಾಯಿತು. ಆ ಪರದೆಯ ಮೇಲೆ ನೀವು ಇರಾಕಿ ಟ್ಯಾಂಕಿನ ಪಕ್ಕದಲ್ಲೂ ನಿಲ್ಲಬಹುದು. ಆದರೆ ಅದರೊಳಗಿದ್ದ ಹುಡುಗ ಏನನ್ನು ಕಂಡ, ಓಡಿಹೋಗಬೇಕೆಂದುಕೊಂಡನೇ, ತನ್ನ ಮೇಲೆ ಗುಂಡು ಹಾರಿಸಿದವನು ಅವನಿಗೆ ಕಾಣಿಸಿದನೇ ಎಂಬುದು ಅಲ್ಲಿಲ್ಲ. ಕಣ್ಣಿಗೆ ಎರಡೂ ಪಕ್ಷಗಳು ಸಮವಾಗಿ ಕಾಣುತ್ತವೆ, ಸಾಕ್ಷ್ಯ ಮಾತ್ರ ಒಂದೇ ಪಕ್ಷದ್ದು.

ಲಂಡನ್ನಿನ ಶ್ರೀರಂಗಪಟ್ಟಣ

ಇದು ಕಂಪ್ಯೂಟರ್ ಯುಗದ ಸಮಸ್ಯೆಯೆಂದು ಭಾವಿಸಬೇಕಾಗಿಲ್ಲ. ನೋಡುಗನನ್ನು ರಣರಂಗದ ನಡುವೆ ನಿಲ್ಲಿಸುವ ಆಸೆ ಇನ್ನೂರು ವರ್ಷಗಳಿಗೂ ಹಳೆಯದು. ಅದರ ಆರಂಭದ ಯಶಸ್ವೀ ಪ್ರಯೋಗವೊಂದು ನಡೆದದ್ದು ನಮ್ಮದೇ ಶ್ರೀರಂಗಪಟ್ಟಣದ ಮೇಲೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಹೊಸ ಬಗೆಯ ಚಿತ್ರಪ್ರದರ್ಶನಕ್ಕೆ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದ. ದುಂಡಗಿನ ಕಟ್ಟಡದ ಒಳಗೋಡೆಯ ಸುತ್ತ ಬೃಹತ್ ಚಿತ್ರವೊಂದನ್ನು ಹರಡಿ, ನೋಡುಗರನ್ನು ನಡುವೆ ನಿಲ್ಲಿಸಿ, ಚಿತ್ರದ ಅಂಚು ಎಲ್ಲಿಯೂ ಕಾಣದಂತೆ ಮಾಡುವುದೇ ಅದರ ಗುಟ್ಟು. ಇದಕ್ಕೆ ಪನೋರಮಾ ಎಂಬ ಹೆಸರು ಬಂತು. ಕನ್ನಡಕವಿಲ್ಲದ ವರ್ಚುವಲ್ ರಿಯಾಲಿಟಿ ಎಂದರೂ ಸಲ್ಲುತ್ತದೆ.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದರು. ಒಂದು ವರ್ಷ ತುಂಬುವ ಮೊದಲೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರರ ಆಸುಪಾಸಿನ ಯುವ ಚಿತ್ರಕಾರ ಆ ದಿನದ ಮುತ್ತಿಗೆಯನ್ನು ನೂರು ಅಡಿಗೂ ಉದ್ದದ, ಅರೆವೃತ್ತಾಕಾರದ ಬಟ್ಟೆಯ ಮೇಲೆ ಚಿತ್ರಿಸಿ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿಟ್ಟ. ಅವನು ಭಾರತವನ್ನು ಕಂಡವನಲ್ಲ. ಕಾವೇರಿಯನ್ನೂ ನೋಡಿರಲಿಲ್ಲ. ಆದರೂ ಆಳೆತ್ತರದ ನೂರಾರು ಸೈನಿಕರು, ಹೊಗೆ, ಒಡೆದ ಕೋಟೆಗೋಡೆ, ನಡುವೆ ಖಡ್ಗವೆತ್ತಿದ ಜನರಲ್ ಡೇವಿಡ್ ಬೇರ್ಡ್ ಇವನ್ನೆಲ್ಲ ಕಂಡು ಜನ ಬೆರಗಾದರು. ನೋಡಲು ಬಂದ ಸ್ತ್ರೀಯರನ್ನು ಮೂರ್ಛೆಹೋದ ಸ್ಥಿತಿಯಲ್ಲಿ ಹೊತ್ತೊಯ್ಯಬೇಕಾಯಿತೆಂದು ಸಮಕಾಲೀನರೊಬ್ಬರು ಬರೆದಿಟ್ಟಿದ್ದಾರೆ. ಮೂಲಚಿತ್ರ ಇಂದು ಉಳಿದಿಲ್ಲ. ಅದರ ಅಚ್ಚಿನ ಪ್ರತಿಗಳು ಮಾತ್ರ ಉಳಿದಿವೆ.

ಅಲ್ಲಿ ನಿಂತ ಲಂಡನ್ನಿನ ನಾಗರಿಕನು ಎಲ್ಲಿ ನಿಂತಿದ್ದ? ಮುತ್ತಿಗೆ ಹಾಕಿದವರ ಪಕ್ಕದಲ್ಲಿ, ಕೋಟೆಗೆ ಮುಖಮಾಡಿ. ಅವನೂ ಒಳನುಗ್ಗುತ್ತಿದ್ದವರಲ್ಲಿ ಒಬ್ಬನಾಗಿದ್ದ. ಸಾವಿರಾರು ಮೈಲಿ ದೂರದ ಒಂದು ರಾಜ್ಯವನ್ನು ಏಕೆ ಗೆಲ್ಲಬೇಕಾಗಿತ್ತು ಎಂಬ ಪ್ರಶ್ನೆಯನ್ನು ಅವನು ಕೇಳುವ ಮೊದಲೇ ಚಿತ್ರ ಅವನನ್ನು ಗೆದ್ದವರ ಸಾಲಿಗೆ ಸೇರಿಸಿಬಿಟ್ಟಿತ್ತು. ವಾದದಿಂದ ಆಗದ ಕೆಲಸವನ್ನು ನಿಲ್ಲುವ ಜಾಗ ಮಾಡಿಕೊಟ್ಟಿತು.

ದರಿಯಾ ದೌಲತ್ತಿನ ಗೋಡೆ

ಇದೇ ಕತೆಗೆ ಇನ್ನೊಂದು ಕಣ್ಣೂ ಇದೆ. ಅದನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಹೊರಗೆ 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರವಿದೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಕರ್ನಲ್ ವಿಲಿಯಂ ಬೈಲಿಯ ಪಡೆಯನ್ನು ಸುತ್ತುವರಿದು ಸೋಲಿಸಿದರು. ಭಾರತದಲ್ಲಿ ಕಂಪೆನಿ ಸೇನೆಗೆ ಅಲ್ಲಿಯವರೆಗೆ ಆಗಿದ್ದ ಅತ್ಯಂತ ಕೆಟ್ಟ ಸೋಲುಗಳಲ್ಲಿ ಅದೊಂದು. ಗೋಡೆಯ ಚಿತ್ರದಲ್ಲಿ ಆಂಗ್ಲರ ಪಡೆ ಚೌಕಾಕಾರದಲ್ಲಿ ಒತ್ತಿ ನಿಂತಿದೆ. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಎರಡೂ ಕಡೆಯಿಂದ ಮೈಸೂರಿನ ಸವಾರರು ನುಗ್ಗುತ್ತಿದ್ದಾರೆ. ಹೈದರ್ ಮತ್ತು ಟಿಪ್ಪು ಮಾತ್ರ ಏನೂ ಆಗಿಲ್ಲವೆಂಬಂತೆ ಆನೆಗಳ ಮೇಲೆ ಶಾಂತರಾಗಿ ಕುಳಿತಿದ್ದಾರೆ. ಇಲ್ಲಿಯೂ ಗೆದ್ದವರೇ ಚಿತ್ರ ಬರೆಸಿದ್ದು. ಗೆದ್ದವರು ಬೇರೆ, ಅಷ್ಟೇ.

ಈ ಎರಡು ಚಿತ್ರಗಳನ್ನು ಒಬ್ಬ ಮನುಷ್ಯ ಜೋಡಿಸುತ್ತಾನೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು, ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದು, 1784ರಲ್ಲಿ ಬಿಡುಗಡೆಯಾದ ಅಧಿಕಾರಿಗಳಲ್ಲಿ ಡೇವಿಡ್ ಬೇರ್ಡ್ ಒಬ್ಬ. ಹದಿನೈದು ವರ್ಷಗಳ ನಂತರ ಅದೇ ಊರಿನ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಅವನೇ. ಗೋಡೆಯ ಚಿತ್ರದಲ್ಲಿ ಸೋತವರ ಗುಂಪಿಗೆ ಸೇರಿದವನು ಲಂಡನ್ನಿನ ಚಿತ್ರದಲ್ಲಿ ನಾಯಕ. ಒಂದನ್ನಷ್ಟೇ ನೋಡಿದವನಿಗೆ ಬೇರ್ಡ್ ಅರ್ಥವಾಗುವುದಿಲ್ಲ, ಆ ಇಪ್ಪತ್ತು ವರ್ಷಗಳ ಹಗೆಯೂ ಅರ್ಥವಾಗುವುದಿಲ್ಲ.

ಗೋಡೆಯ ಚಿತ್ರವೂ ಇಂದು ಟಿಪ್ಪು ಬರೆಸಿದಂತೆಯೇ ಉಳಿದಿಲ್ಲ ಎಂಬುದನ್ನು ಮರೆಯಬಾರದು. ಕೋಟೆ ಬಿದ್ದ ಬಳಿಕ ಆ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಹಚ್ಚಲಾಯಿತು. ನಮ್ಮ ಪಕ್ಷದ ಸಾಕ್ಷಿಯೂ ಎದುರಾಳಿಯ ಕೈಯಿಂದ ಹಾದು ಬಂದದ್ದು. ಅದೇ ಯುದ್ಧವನ್ನು ಕಾಗದದ ಮೇಲೆ ಚಿತ್ರಿಸಿದ ಹಳೆಯ ಪ್ರತಿಯೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6 ಲಕ್ಷ 30 ಸಾವಿರ ಪೌಂಡಿಗೆ ಮಾರಾಟವಾಯಿತು.

ಹೊಸ ತಂತ್ರ ಏನನ್ನು ಕಲಿಸಬಲ್ಲದು?

ಈಗ 1799ರ ಮೇ 4ನ್ನು ವರ್ಚುವಲ್ ರಿಯಾಲಿಟಿಯಲ್ಲಿ ಮರುಸೃಷ್ಟಿಸುತ್ತೇವೆ ಎಂದುಕೊಳ್ಳೋಣ. ಅದರಿಂದ ದೊರೆಯುವ ಲಾಭ ಸಣ್ಣದಲ್ಲ.

ಮೊದಲನೆಯದು ನದಿ. ಇಂದು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯನ್ನು ನೋಡಿದರೆ 1799ರ ಕಾವೇರಿ ಕಾಣುವುದಿಲ್ಲ. ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟು ನೀರನ್ನು ಹಿಡಿದಿಟ್ಟುಕೊಂಡಿದೆ. ಅಂದು ಮೇ ತಿಂಗಳಿನ ನದಿಯಲ್ಲಿ ಬಂಡೆಗಳ ನಡುವೆ ನಡೆದು ದಾಟಬಹುದಿತ್ತು, ಮುಂಗಾರು ಬಂದರೆ ಅದೇ ನದಿ ಕೋಟೆಗೆ ಕಂದಕವಾಗುತ್ತಿತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಇದೇ ಕೋಟೆಯ ಸಮೀಪದವರೆಗೆ ಬಂದು, ಮಳೆ ಮತ್ತು ಆಹಾರದ ಕೊರತೆಯಿಂದ ತನ್ನ ಭಾರೀ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ್ದ. ಎಂಟು ವರ್ಷಗಳ ನಂತರ ಬಂದ ಜನರಲ್ ಹ್ಯಾರಿಸ್‌ಗೂ ಅದೇ ಭಯವಿತ್ತು. ದಾರಿಯಲ್ಲಿ ಎತ್ತುಗಳು ರಾಶಿರಾಶಿಯಾಗಿ ಸತ್ತಿದ್ದವು. ಏಪ್ರಿಲ್ ಮಧ್ಯದಲ್ಲಿ ದಾಸ್ತಾನು ಎಣಿಸಿ ನೋಡಿದರೆ ಅಕ್ಕಿ ಮೂರು ವಾರಕ್ಕೂ ಸಾಲದು. ಮಳೆ ಬರುವವರೆಗೆ ತಡೆದು ನಿಲ್ಲುವುದು ಕೋಟೆಯೊಳಗಿನವರ ಆಸೆ, ಅದಕ್ಕೆ ಮೊದಲೇ ಮುಗಿಸುವುದು ಹೊರಗಿನವರ ಅವಸರ. ನದಿಯ ಮಟ್ಟವನ್ನು ಏರಿಸಿ ಇಳಿಸಿ ತೋರಿಸಿದರೆ ಹತ್ತು ಪುಟದ ವಿವರಣೆ ಒಂದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಎರಡನೆಯದು ಹೊತ್ತು. ಸುಮಾರು 4,400 ಮಂದಿಯ ಪಡೆ ಕಂದಕದಿಂದ ಎದ್ದು ನದಿಗಿಳಿದದ್ದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಬಿಸಿಲಿನ ಆ ಹೊತ್ತಿನಲ್ಲಿ ಕಾವಲಿನವರು ಊಟ, ವಿಶ್ರಾಂತಿಯಲ್ಲಿರುತ್ತಾರೆ ಎಂಬುದೇ ಲೆಕ್ಕಾಚಾರ. ಮೂರನೆಯದು ಕೋಟೆಯ ರಚನೆ. ಒಡೆದ ಗೋಡೆಯನ್ನು ಕೆಲವೇ ನಿಮಿಷಗಳಲ್ಲಿ ಹತ್ತಿದವರಿಗೆ, ಹೊರಗಿನಿಂದ ಕಾಣದಿದ್ದ ಇನ್ನೊಂದು ಒಳಕಂದಕವೂ ಅದರಾಚೆ ಇನ್ನೊಂದು ಗೋಡೆಯೂ ಎದುರಾದವು. ನಕ್ಷೆಯಲ್ಲಿ ಇದು ಬರಿಯ ಎರಡು ಗೆರೆ. ಅಲ್ಲಿ ನಿಂತು ಕೆಳಗೆ ನೋಡಿದವನಿಗೆ ಮಾತ್ರ ಅದರ ಅರ್ಥ ಗೊತ್ತಾಗುತ್ತದೆ.

ಜಾಗವೇ ಬದಲಾಗಿಹೋಗಿದೆ ಎಂಬುದೂ ಇದಕ್ಕೆ ಬಲವಾದ ಕಾರಣ. ಕೋಟೆಯೊಳಗಿಂದಲೇ ರೈಲು ಹಳಿ ಹಾದುಹೋಗಿದೆ. ಜೋಡಿ ಹಳಿಗೆ ಅಡ್ಡವಾಯಿತೆಂದು ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಲಾಯಿತು. ಇಂಥ ಊರಿನಲ್ಲಿ ಹಳೆಯ ನೆಲವನ್ನು ಕಣ್ಣಿಗೆ ಕಾಣಿಸಲು ಕಂಪ್ಯೂಟರಿನ ನೆರವು ಬೇಕೇ ಬೇಕು.

ಚಿತ್ರಕ್ಕೆ 'ಅಂತೆ' ಎನ್ನಲು ಬರುವುದಿಲ್ಲ

ಆದರೆ ತೊಡಕು ಇರುವುದೂ ಇಲ್ಲಿಯೇ. ಕನ್ನಡದಲ್ಲಿ 'ಅಂತೆ' ಎಂಬ ಎರಡಕ್ಷರದ ಮಾತಿದೆ. ಕಂಡದ್ದನ್ನು 'ಬಂದ' ಎನ್ನುತ್ತೇವೆ, ಕೇಳಿದ್ದನ್ನು 'ಬಂದನಂತೆ' ಎನ್ನುತ್ತೇವೆ. ಇತಿಹಾಸಕಾರನ ಪ್ರಾಮಾಣಿಕತೆಯೆಲ್ಲ ಈ ಎರಡಕ್ಷರದಲ್ಲಿದೆ. ವರ್ಚುವಲ್ ರಿಯಾಲಿಟಿಯ ದೃಶ್ಯಕ್ಕೆ 'ಅಂತೆ' ಎನ್ನಲು ಬರುವುದಿಲ್ಲ. ಅಲ್ಲಿ ತೋರಿಸಿದ್ದೆಲ್ಲ ನಡೆದದ್ದೇ, ತೋರಿಸದಿದ್ದುದು ನಡೆಯಲೇ ಇಲ್ಲ.

ಮೀರ್ ಸಾದಿಕ್‌ನ ವಿಷಯವನ್ನೇ ತೆಗೆದುಕೊಳ್ಳಿ. ಸಂಬಳ ಕೊಡುವ ನೆಪದಲ್ಲಿ ಅವನು ಒಡೆದ ಗೋಡೆಯ ಬಳಿಯ ಕಾವಲುಗಾರರನ್ನು ಹಿಂದಕ್ಕೆ ಕರೆಸಿದ ಎಂಬ ಮಾತು ತಲೆತಲಾಂತರದಿಂದ ಬಂದಿದೆ. ಪುಸ್ತಕದಲ್ಲಾದರೆ 'ಹೀಗೆ ಹೇಳುತ್ತಾರೆ, ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ' ಎಂದು ಬರೆಯಬಹುದು. ದೃಶ್ಯದಲ್ಲಿ ಕಾವಲುಗಾರರು ಒಂದೋ ಗೋಡೆಯ ಮೇಲೆ ಇರಬೇಕು, ಇಲ್ಲವೇ ಇರಬಾರದು. ಪೊಲ್ಲಿಲೂರಿನಲ್ಲಿ ಮದ್ದಿನ ಬಂಡಿಗೆ ಬೆಂಕಿ ತಗಲಿದ್ದು ಮೈಸೂರಿನ ರಾಕೆಟ್ಟಿನಿಂದಲೋ ತೋಪಿನ ಗುಂಡಿನಿಂದಲೋ? ದೃಶ್ಯ ತಯಾರಿಸುವವನು ಒಂದನ್ನು ಆರಿಸಲೇಬೇಕು. ಟಿಪ್ಪುವಿನ ಕೊನೆಯ ಗಳಿಗೆಯ ಕತೆಯೂ ಅಷ್ಟೇ. ಅವರ ದೇಹ ಸಿಕ್ಕಿದ್ದು ಸಂಜೆಯ ನಂತರ, ಕೋಟೆಯ ಬಾಗಿಲೊಂದರ ಬಳಿ, ಹೆಣಗಳ ರಾಶಿಯ ಅಡಿಯಲ್ಲಿ, ದೀಪದ ಬೆಳಕಿನಲ್ಲಿ. ಅದಕ್ಕೂ ಮೊದಲು ನಡೆದುದಕ್ಕೆ ಕೆಲವರ ಹೇಳಿಕೆಗಳಷ್ಟೇ ಆಧಾರ. ಕನ್ನಡಕ ಧರಿಸಿದ ಹತ್ತನೆಯ ತರಗತಿಯ ಹುಡುಗ ಮಾತ್ರ 'ನಾನು ಕಣ್ಣಾರೆ ಕಂಡೆ' ಎನ್ನುತ್ತಾನೆ.

ಬಿಟ್ಟುಹೋಗುವ ಸಂಗತಿಗಳೂ ಇವೆ. ಅಂದು ನುಗ್ಗಿದ ಪಡೆಯಲ್ಲಿ ಆಂಗ್ಲರಷ್ಟೇ ಇರಲಿಲ್ಲ. ಐದರಲ್ಲಿ ಎರಡು ಪಾಲಿನಷ್ಟು ಮಂದಿ ಭಾರತೀಯ ಸಿಪಾಯಿಗಳು, ಹೈದರಾಬಾದಿನ ನಿಜಾಮನ ಪಡೆಯೂ ಕಂಪೆನಿಯ ಜೊತೆಗಿತ್ತು. ಇದನ್ನು ತೋರಿಸಿದರೆ 'ಹಿಂದೂ ವಿರುದ್ಧ ಮುಸ್ಲಿಮ್' ಎಂಬ ಇಂದಿನ ಅಳತೆಗೋಲು ಆ ಯುದ್ಧಕ್ಕೆ ಹೊಂದುವುದಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ. ಅಂದಿನ ರಾತ್ರಿ ಊರಿನಲ್ಲಿ ನಡೆದ ಲೂಟಿಯನ್ನು ತಡೆಯಲು ವೆಲ್ಲೆಸ್ಲಿ ತನ್ನದೇ ಕಡೆಯ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಗೆದ್ದ ಸೇನೆ ಹಂಚಿಕೊಂಡ ಸಂಪತ್ತು ಹನ್ನೊಂದು ಲಕ್ಷ ಪೌಂಡಿಗೂ ಮಿಕ್ಕಿತ್ತು. ಪೋರ್ಟರನ ಪನೋರಮಾ ಮಧ್ಯಾಹ್ನದ ಶೌರ್ಯಕ್ಕೇ ಮುಗಿಯುತ್ತದೆ. ರಾತ್ರಿ ಮನೆಯ ಬಾಗಿಲು ಮುಚ್ಚಿ ಕುಳಿತ ಕುಟುಂಬಗಳ ಕಡೆಯಿಂದ ಆ ದಿನವನ್ನು ಯಾರೂ ಚಿತ್ರಿಸಲಿಲ್ಲ.

ಗೆದ್ದವನು ಚಿತ್ರಣದ ಮೇಲೂ ಹಿಡಿತ ಬಯಸುತ್ತಾನೆ ಎಂಬುದಕ್ಕೆ ಇದೇ ವೆಲ್ಲೆಸ್ಲಿ ಇನ್ನೊಂದು ನಿದರ್ಶನ. ಮುಂದೆ ಅವನು ವೆಲಿಂಗ್ಟನ್ ಡ್ಯೂಕ್ ಆಗಿ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ವಿಲಿಯಂ ಸಿಬೋರ್ನ್ ಎಂಬ ಅಧಿಕಾರಿ ಬದುಕಿದ್ದ ಸೇನಾಧಿಕಾರಿಗಳಿಗೆಲ್ಲ ಪತ್ರ ಬರೆದು ವಿವರ ಸಂಗ್ರಹಿಸಿ, ಹತ್ತಾರು ಸಾವಿರ ಪುಟ್ಟ ಲೋಹದ ಗೊಂಬೆಗಳಿಂದ ಆ ರಣರಂಗದ ಮಾದರಿ ತಯಾರಿಸಿ 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಅದರಲ್ಲಿ ಪ್ರಶ್ಯದ ಮಿತ್ರಸೇನೆಗೆ ದೊರೆತ ಸ್ಥಾನ ಡ್ಯೂಕನ ಬಳಗಕ್ಕೆ ಹಿಡಿಸಲಿಲ್ಲ. ಕೊನೆಗೆ ಸಿಬೋರ್ನ್ ಪ್ರಶ್ಯನ್ ಗೊಂಬೆಗಳಲ್ಲಿ ಬಹಳಷ್ಟನ್ನು ತೆಗೆದುಹಾಕಿದ. ಗೊಂಬೆಗಳ ವಿಷಯದಲ್ಲೇ ಇಷ್ಟು ಒತ್ತಡವಾದರೆ, ಸರಕಾರದ ಹಣದಿಂದ ತಯಾರಾಗುವ ವರ್ಚುವಲ್ ರಣರಂಗದ ಮೇಲೆ ಎಷ್ಟು ಒತ್ತಡ ಬೀಳಬಹುದು? ನಮ್ಮ ರಾಜ್ಯದಲ್ಲಿ ಟಿಪ್ಪುವಿನ ಸರಕಾರಿ ಜಯಂತಿ 2015ರಲ್ಲಿ ಆರಂಭವಾಗಿ 2019ರಲ್ಲಿ ರದ್ದಾಯಿತು. ಸರಕಾರ ಬದಲಾದಂತೆ ಕನ್ನಡಕದೊಳಗಿನ ಟಿಪ್ಪುವೂ ಬದಲಾಗತೊಡಗಿದರೆ ನಷ್ಟ ಟಿಪ್ಪುವಿಗಲ್ಲ, ಮಕ್ಕಳಿಗೆ.

ಹಾಗಾದರೆ ಬೇಡವೇ?

ಬೇಡ ಎನ್ನುವುದು ಈ ಬರಹದ ಉದ್ದೇಶವಲ್ಲ. ಬೇಕು, ಆದರೆ ಮೇಷ್ಟರ ಜಾಗದಲ್ಲಲ್ಲ, ಮೇಷ್ಟರ ಕೈಯಲ್ಲಿ ಬೇಕು. ಪ್ರಶ್ಯದ ಸೇನೆ ಹತ್ತೊಂಬತ್ತನೆಯ ಶತಮಾನದಲ್ಲೇ ತನ್ನ ಅಧಿಕಾರಿಗಳನ್ನು ಕುದುರೆಯ ಮೇಲೆ ರಣರಂಗಗಳಿಗೆ ಕರೆದೊಯ್ದು ಪಾಠ ಹೇಳುತ್ತಿತ್ತು. ಸ್ಟಾಫ್ ರೈಡ್ ಎಂದು ಹೆಸರಾದ ಆ ಪದ್ಧತಿಯನ್ನು ಇಂದಿನ ಸೇನೆಗಳು ಮೂರು ಹಂತಗಳಲ್ಲಿ ನಡೆಸುತ್ತವೆ. ಮೊದಲು ದಾಖಲೆಗಳ ಓದು, ನಂತರ ಸ್ಥಳವೀಕ್ಷಣೆ, ಕೊನೆಗೆ ಎಲ್ಲರೂ ಕುಳಿತು ಚರ್ಚೆ. ವರ್ಚುವಲ್ ರಿಯಾಲಿಟಿ ಈ ಮೂರರಲ್ಲಿ ನಡುವಿನದಕ್ಕೆ ಮಾತ್ರ ಬದಲಿಯಾಗಬಲ್ಲದು. ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟು ಕನ್ನಡಕ ಮಾತ್ರ ಕೊಟ್ಟರೆ ಅದು ಜಾತ್ರೆಯ ಆಟವಾಗುತ್ತದೆ.

ಒಂದೇ ರಣರಂಗವನ್ನು ಕನಿಷ್ಠ ಎರಡು ಜಾಗಗಳಿಂದ ತೋರಿಸಬೇಕು: ನದಿಯ ಕಡೆಯಿಂದ ಒಮ್ಮೆ, ಕೋಟೆಯ ಮೇಲಿನಿಂದ ಒಮ್ಮೆ. ಸಾಧ್ಯವಾದರೆ ಪೇಟೆಯ ಮನೆಯೊಂದರ ಕಿಟಕಿಯಿಂದ ಮತ್ತೊಮ್ಮೆ. ಆಧಾರವಿರುವ ಭಾಗಕ್ಕೆ ಒಂದು ಬಣ್ಣ, ಊಹೆಯ ಭಾಗಕ್ಕೆ ಇನ್ನೊಂದು ಬಣ್ಣ ಕೊಟ್ಟರೆ ಚಿತ್ರಕ್ಕೂ 'ಅಂತೆ' ಎನ್ನಲು ಕಲಿಸಿದಂತಾಗುತ್ತದೆ. ಸದ್ದು ಕೇಳಿಸಬಹುದು, ಹೊಗೆ ಕಾಣಿಸಬಹುದು. ಆದರೆ ಭಯ, ಬಾಯಾರಿಕೆ, ನೋವು ಯಾವ ಉಪಕರಣದಲ್ಲೂ ಸಿಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಯುದ್ಧವನ್ನು ಕಂಡೆವೆಂದು ಹೊರಬಂದವರು ಅದರ ಸಾವನ್ನು ಕಂಡಿರುವುದಿಲ್ಲ.

ಇದಕ್ಕೆಲ್ಲ ಕಾಯಬೇಕಾಗಿಯೂ ಇಲ್ಲ. ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋಗುವ ಶಿಕ್ಷಕರು ಮಕ್ಕಳಿಗೆ ಎರಡು ಕಲ್ಲುಗಳನ್ನು ತೋರಿಸಲಿ. ಕೋಟೆ ಒಡೆದ ಜಾಗದ ಬಳಿ 1907ರಲ್ಲಿ ಮೈಸೂರು ಸರಕಾರ ನಿಲ್ಲಿಸಿದ ಎತ್ತರದ ಸ್ತಂಭವಿದೆ. ಅದು ಮುತ್ತಿಗೆ ಹಾಕಿದ ಸೈನಿಕರ ನೆನಪಿಗಾಗಿ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಟಿಪ್ಪುವಿನ ದೇಹ ದೊರೆತ ಜಾಗವನ್ನು ಸೂಚಿಸುವ ಒಂದು ಸಣ್ಣ ಕಲ್ಲಿದೆ. ಎರಡರ ಬಳಿಯೂ ಮಕ್ಕಳನ್ನು ನಿಲ್ಲಿಸಿ, ಇದನ್ನು ಯಾರು ನೆಟ್ಟರು, ಯಾರಿಗಾಗಿ ನೆಟ್ಟರು, ಇಲ್ಲಿ ಸತ್ತವರಲ್ಲಿ ಯಾರಿಗೆ ಕಲ್ಲೇ ಇಲ್ಲ ಎಂದು ಕೇಳಲಿ. ಆ ಪ್ರಶ್ನೆಗಳನ್ನು ಕೇಳಲು ಕಲಿತ ಮಗುವಿನ ಕಣ್ಣಿಗೆ ಮುಂದೆ ಯಾವ ಕನ್ನಡಕ ಕಟ್ಟಿದರೂ ಹೆದರಬೇಕಾಗಿಲ್ಲ.